ಹನಿ ಕುಡಿಯದ ಮರ

ಮೆಹಬೂಬರು ನೀರಿನ ಲೋಟಕ್ಕೆ ಬೆರಳದ್ದಿ, ಎಡಗೈಯಲ್ಲಿದ್ದ ಹಲ್ಲುಹಿಡಿಯ ಮೇಲೆ ಒಂದು ಹನಿ ಬಿಟ್ಟರು. ಹನಿ ಕೂತಿತು. ಕೆಸುವಿನೆಲೆಯ ಮೇಲೆ ಕೂತ ಹಾಗೆ ದುಂಡಗೆ, ಕಿಟಕಿಯ ಬೆಳಕನ್ನು ಹಿಡಿದುಕೊಂಡು ಕೂತಿತು. ಅವರು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದರು. ಬರಿಯ ಹಾಲೆಮರವಾಗಿದ್ದರೆ ಐದು ಎಣಿಸುವುದರೊಳಗೆ ನೀರನ್ನು ಹೀರಿಕೊಂಡು ಒಂದು ಮಾಸಲು ಚುಕ್ಕೆಯನ್ನಷ್ಟೇ ಉಳಿಸಬೇಕಿತ್ತು. ಈ ಮರ ಕುಡಿಯಲಿಲ್ಲ. ಹಿಡಿಯನ್ನು ಓರೆ ಮಾಡಿದರೆ ಹನಿ ಜಾರಿ ಅವರ ಮುಂಗೈ ಮೇಲೆ ಬಿತ್ತು.

ಇನ್ನೊಂದನ್ನು ಎತ್ತಿಕೊಂಡರು. ಬೇರೆ ಬುಟ್ಟಿಯಿಂದ ಮತ್ತೊಂದು. ಹತ್ತನೆಯದಕ್ಕೆ ಲೋಟ ಕೆಳಗಿಟ್ಟರು. 

ಹಲ್ಲುಹಿಡಿ ಅನ್ನುವುದು ಚನ್ನಪಟ್ಟಣದ ಆ ಗೊಂಬೆ ಕೇರಿಯ ಹೆಂಗಸರು ಇಟ್ಟ ಹೆಸರು. ಹಲ್ಲು ಹುಟ್ಟುವ ಕೂಸು ಒಸಡು ನವೆಯಾದಾಗ ಕಚ್ಚಿಕೊಳ್ಳಲೆಂದು ಮಾಡಿದ ಮರದ ಹಿಡಿ. ನಡುವೆ ಸಣ್ಣ, ಎರಡು ತುದಿಗೂ ದಪ್ಪ ನಿಂಬೆಯಷ್ಟು ಗುಂಡು. ಅಂಥವು ಆರು ನೂರು, ಆರು ಬುಟ್ಟಿಗಳಲ್ಲಿ ತುಂಬಿ ಕೂತಿದ್ದವು. ಹಾಲೆಂಡ್ ದೇಶದ ಒಂದು ಅಂಗಡಿಗೆ ಹೋಗಬೇಕಾದ ಮಾಲು. ನಾಳೆ ಶುಕ್ರವಾರ ಸಂಜೆ ಐದಕ್ಕೆ ಲಾರಿ. ಇವತ್ತು ಹನ್ನೊಂದಕ್ಕೆ ಪರೀಕ್ಷೆ ಮಾಡುವವರು ಬರುತ್ತಾರೆ. ಆರ್ಡರಿನ ಕಾಗದದಲ್ಲಿ ಮೆರುಗು ಎಂಬ ಕಾಲಮ್ಮಿನ ಕೆಳಗೆ ಒಂದೇ ಮಾತು ಇತ್ತು: ಬ್ಲ್ಯಾಂಕ್.

ಆ ಆರ್ಡರು ಮಗಳು ನಿಖಾತಳ ಹೆಸರಿನದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಏಳು ವರ್ಷ ಚಿಕ್ಕಪ್ಪ ಮತೀನನ ಕಾರ್ಖಾನೆಯಲ್ಲಿ ದುಡಿದಳು. ಹೋದ ವರ್ಷ ಮರ ತಿರುಗಿಸಿ ಕೆತ್ತುವ ಎರಡು ಹಳೆ ಲೇತು ಹಾಕಿಸಿಕೊಂಡು, ಐದು ಜನ ಹೆಂಗಸರನ್ನು ಕೂಡಿಸಿಕೊಂಡು, ಮನೆಯ ಹಿಂದಿನ ಶೀಟಿನ ಕೆಳಗೆ ತನ್ನದೇ ಕೆಲಸ ಶುರು ಮಾಡಿದಳು. ಇದು ಮೊದಲನೆಯ ಪರದೇಶದ ಮಾಲು. ಇದು ದಡ ಮುಟ್ಟಿದರೆ ಅವಳು ನಿಂತಳು. ವಾಪಸು ಬಂದರೆ ಆರ್ಡರು ಕೊಟ್ಟ ಬೆಂಗಳೂರಿನ ರಫ್ತು ಕಂಪನಿ ಅವಳ ಹೆಸರಿನ ಮೇಲೆ ಗೀಟೆಳೆಯುತ್ತದೆ, ಐದು ಹೆಂಗಸರೂ ಅವಳೂ ಮತ್ತೆ ಮತೀನನ ಬಾಗಿಲಿಗೆ. ಮತೀನ ಕೆಟ್ಟವನಲ್ಲ. ಆದರೆ ಅವನ ಬಾಗಿಲಲ್ಲಿ ಕೂತವರು ಅವನು ಹೇಳಿದಾಗ ಏಳಬೇಕು, ಹೇಳಿದಾಗ ಕೂರಬೇಕು.

ಬ್ಲ್ಯಾಂಕ್ ಅಂದರೆ ಏನು ಎಂದು ಮೂರು ವಾರದ ಹಿಂದೆ ಈ ಶೀಟಿನ ಕೆಳಗೆ ದೊಡ್ಡ ಪಂಚಾಯ್ತಿಯೇ ಆಗಿತ್ತು. ನಿಖಾತ್ ಫೋನಿನಲ್ಲಿ ಒತ್ತಿ ನೋಡಿದಳು. ಫೋನು "ಖಾಲಿ" ಎಂದಿತು.

"ಖಾಲಿ ಅಂದ್ರೆ ಖಾಲಿ ಡಬ್ಬನೇ ಕಳ್ಸಾವ ಬುಡಿ," ಎಂದಳು ಪುಟ್ಟಿ. ಬೈರಾಪಟ್ಟಣದಿಂದ ದಿನಾ ಬಸ್ಸಿಗೆ ಬರುವ ಹೆಂಗಸು, ನಾಲಿಗೆ ಉಳಿಗಿಂತ ಹರಿತ. "ನಮ್ಗೂ ಒಸಿ ಕೆಲಸ ಕಮ್ಮಿ ಆಯ್ತದೆ."

ಮೆಹಬೂಬರು ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ತಮ್ಮ ಪುಸ್ತಕ ತಂದರು.

ಆ ಪುಸ್ತಕದ ಕಥೆ ಹೇಳದೆ ಮೆಹಬೂಬರ ಕಥೆ ಹೇಳಿದರೆ ಉಪ್ಪಿಲ್ಲದ ಸಾರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಅಪ್ಪ ಲೇತಿನ ಮುಂದೆ ಕೂರಿಸಿದಾಗ ಅವರಿಗೆ ಒಂಬತ್ತು ವರ್ಷ. ಕನ್ನಡದ ಅಕ್ಷರ ಅಷ್ಟೊತ್ತಿಗೆ ಕೈಗೆ ಬಂದಿತ್ತು. ಇಂಗ್ಲಿಷಿನ ಅಕ್ಷರವನ್ನು ಕಲಿಸಿದ್ದು ಪರದೇಶಕ್ಕೆ ಹೋಗುತ್ತಿದ್ದ ಮರದ ಪೆಟ್ಟಿಗೆಗಳ ಮುಚ್ಚಳ. ಅಚ್ಚು ಇಟ್ಟು ಕಪ್ಪು ಬಣ್ಣ ಬಳಿಯುವುದು ಅವರ ಪಾಲಿನ ಕೆಲಸ. ಬಳಿದು ಬಳಿದೇ ಇಪ್ಪತ್ತಾರು ಅಕ್ಷರ ಬಂದವು. ಕೂಡಿಸಿ ಓದಿದಾಗ ಊರುಗಳಾದವು. ಇವತ್ತಿಗೆ ಅರವತ್ತಾರು ವಯಸ್ಸು. ಮೈಸೂರಿನ ಆಚೆ ಅವರು ಕಾಲಿಟ್ಟವರಲ್ಲ. ಆದರೆ ಯುರೋಪಿನ ಯಾವ ಊರಿನವನು ಬಂದು ಗೊಂಬೆ ಹಿಡಿದರೂ ಅವನ ನಾಡಿನ ನಾಲ್ಕು ಮಾತು ಅವರ ಬಾಯಲ್ಲಿ ಇರುತ್ತಿತ್ತು.

ಪುಸ್ತಕ ಶುರುವಾದದ್ದು ಒಂದು ಅವಮಾನದಿಂದ. ಮೂವತ್ತು ವರ್ಷದ ಹಿಂದೆ ಜರ್ಮನಿಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಿದ್ದಳು. ಅವಳ ಮಗುವಿಗೆಂದು ಒಂದು ಬುಗುರಿಯನ್ನು ಪುಕ್ಕಟೆ ಕೊಡೋಣ ಎಂದು ಮೆಹಬೂಬರು ಡಬ್ಬದ ಮೇಲೆ ಕುಂಚದಲ್ಲಿ ಚೆಂದಗೆ "ಗಿಫ್ಟ್" ಎಂದು ಬರೆದು ಕೈಗಿತ್ತರು. ಆಕೆ ಮಗುವಿನ ಕೈಯಿಂದ ಡಬ್ಬವನ್ನು ಕಿತ್ತುಕೊಂಡಳು, ಆಮೇಲೆ ನಕ್ಕಳು. ಇವರ ಮುಖ ಸಣ್ಣಗಾದದ್ದನ್ನು ಕಂಡು, ಕಾಗದ ಇಸಿದುಕೊಂಡು ಒಂದು ತಲೆಬುರುಡೆ, ಅದರ ಕೆಳಗೆ ಎರಡು ಮೂಳೆ ಬರೆದು ತೋರಿಸಿದಳು. ಅವಳ ನಾಡಿನಲ್ಲಿ ಗಿಫ್ಟ್ ಅಂದರೆ ವಿಷ. ಎರಡು ವರ್ಷ ಬಿಟ್ಟು ಸ್ವೀಡನ್ನಿನವನೊಬ್ಬ ಬಂದ. ಅವನನ್ನು ಕೇಳಿದರು. ವಿಷವೂ ಹೌದು ಎಂದ. ಆಮೇಲೆ ಬೆರಳಿನ ಉಂಗುರ ಮುಟ್ಟಿ, ಹೆಂಡತಿಯ ಭುಜ ಮುಟ್ಟಿ ತೋರಿಸಿದ. ಅಲ್ಲಿ ಮದುವೆಯಾದವನಿಗೂ ಅದೇ ಮಾತು.

ಇದನ್ನು ಕೇಳಿದ ದಿನ ಪುಟ್ಟಿ, "ಉಡುಗೊರೆ, ವಿಷ, ಮದ್ವೆ. ನಮ್ ಕಡೆ ಮೂರನ್ನೂ ಒಂದೇ ಚಪ್ಪರದಡಿ ಕೊಟ್ಬುಡ್ತಾರೆ ಸಾಬ್ರೆ," ಎಂದಿದ್ದಳು.

ಆ ಸ್ವೀಡನ್ನಿನವನು ಬಂದು ಹೋದಂದಿನಿಂದ ಮೆಹಬೂಬರು ಒಂದು ಕಟ್ಟಳೆ ಹಾಕಿಕೊಂಡರು. ಯಾವ ಮಾತನ್ನೂ ಬಾಯಿಂದ ತೆಗೆದುಕೊಳ್ಳುವುದಿಲ್ಲ, ಬೆರಳಿನಿಂದ ತೆಗೆದುಕೊಳ್ಳುವುದು. ಬಂದವರು ಆ ವಸ್ತುವನ್ನು ಮುಟ್ಟಿ ತೋರಿಸಬೇಕು, ಇಲ್ಲವೇ ಮಾಡಿ ತೋರಿಸಬೇಕು; ಆಮೇಲೆಯೇ ಪುಸ್ತಕಕ್ಕೆ. ಒಂದು ಮಾತಿಗೆ ಒಂದು ಪುಟ. ನಡುವೆ ಮಾತು, ಸುತ್ತ ದೇಶಗಳು. ರಾಟ್ ಎನ್ನುವ ಪುಟದಲ್ಲಿ ಜರ್ಮನಿಯ ಎದುರು ಕುಂಕುಮದ ಬೊಟ್ಟು, ಹಾಲೆಂಡಿನ ಎದುರು ಕೊಳೆತ ಹಣ್ಣು. ಬುರ್ರೋ ಎನ್ನುವಲ್ಲಿ ಇಟಲಿಗೆ ಬೆಣ್ಣೆ, ಸ್ಪೇನಿಗೆ ಕತ್ತೆ. ಬಾರ್ನ್ ಎಂದರೆ ಇಂಗ್ಲಿಷಿನವನಿಗೆ ಕೊಟ್ಟಿಗೆ, ಸ್ವೀಡನ್ನಿನವನಿಗೆ ಮಗು. ಜನ ಬೆರಗಾದರೆ ಮೆಹಬೂಬರು, "ಇದ್ರಲ್ಲೇನೈತೆ? ಬೋರಲಿಂಗಯ್ಯ ಅಂತ ಬೈರಾಪಟ್ಟಣದಲ್ಲೂ ಒಬ್ಬ ಅವ್ನೆ, ಗುಡೇಮಾರನಹಳ್ಳೀಲೂ ಒಬ್ಬ ಅವ್ನೆ. ಹೆಸರು ಒಂದೇ ಅಂತ ಅವನ ಎತ್ತ ಇವನ ಕೊಟ್ಟಿಗೇಲಿ ಕಟ್ತೀರಾ?" ಎನ್ನುವರು.

ಬ್ಲ್ಯಾಂಕಿಗೂ ಒಂದು ಪುಟ ಇತ್ತು. ಇಂಗ್ಲಿಷಿಗೆ ಖಾಲಿ. ಡೆನ್ಮಾರ್ಕಿಗೆ ಹೊಳಪು, ಮತೀನನ ಗಿರಾಕಿಯೇ ಹಿತ್ತಾಳೆ ಚೊಂಬು ಮುಟ್ಟಿ ತೋರಿಸಿದ್ದ. ಹಾಲೆಂಡಿಗೆ ಬರಿಮರ. ಹದಿಮೂರು ವರ್ಷದ ಹಿಂದೆ ಅಲ್ಲಿಂದ ಬಂದ ಒಬ್ಬ ಮುದುಕಿ, ಅರಗು ಬಳಿದ ಗೊಂಬೆಯನ್ನು ಪಕ್ಕಕ್ಕಿಟ್ಟು, ಉಳಿಯಿಂದ ಆಗಷ್ಟೇ ಬಂದ ಬಿಳಿಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಆ ಮಾತನ್ನು ಮೂರು ಸಲ ಹೇಳಿದ್ದಳು.

"ಬರಿಮರ," ಎಂದು ಅವತ್ತು ತೀರ್ಪು ಕೊಟ್ಟಿದ್ದರು. "ಅರಗು ಬೇಡ, ಬಣ್ಣ ಬೇಡ, ಉಪ್ಪುಕಾಗದ ಹಾಕಿ ನುಣ್ಣಗೆ ಮಾಡಿ, ಅಷ್ಟೆ. ನೀರು ಬಿಟ್ರೆ ಕುಡೀಬೇಕು."

ಈಗ ಕುಡಿಯುತ್ತಿಲ್ಲ.

ಯಾರ ಕೈ ಎಂದು ಅವರು ಕೇಳಬೇಕಾಗಿರಲಿಲ್ಲ. ಮೊನ್ನೆ, ನಿನ್ನೆ ಎರಡು ದಿನ ಅವರು ಊರಲ್ಲಿರಲಿಲ್ಲ. ಮಾಗಡಿ ಕಡೆ ಗುಡೇಮಾರನಹಳ್ಳಿಯ ಬೋರಲಿಂಗಯ್ಯನ ಬದುವಿನಲ್ಲಿ ಎರಡು ಹಾಲೆಮರ ಕಡಿಯಲಿಕ್ಕಿವೆ ಎಂದು ಸುದ್ದಿ ಬಂದು, ನೋಡಿ ಬರಲು ಹೋಗಿದ್ದರು. ನಿಖಾತ್ ಡಬ್ಬಗಳಿಗಾಗಿ ಬೆಂಗಳೂರಿಗೆ ಹೋಗಿದ್ದಳು. ಲೇತಿನ ಮುಂದೆ ಉಳಿದವಳು ಹೆಂಡತಿ ರೋಶನ್ ಬೀ.

ಒಳಗೆ ಹೋದರು. ರೋಶನ್ ಬೀ ಅಕ್ಕಿ ಆರಿಸುತ್ತಿದ್ದಳು.

"ಹಲ್ಲುಹಿಡಿಗೆ ಗರಿ ಹಿಡಿದ್ಯಾ?"

ಅವಳು ತಲೆ ಎತ್ತಲಿಲ್ಲ. "ಹಿಡ್ದೆ."

"ಅರಗು?"

"ಬಿಳಿ ಅರಗು. ಕಡ್ಡಿ ಒಂದ್ಸಲ ಮುಟ್ಸಿ ಬುಟ್ಟೆ. ಕಣ್ಣಿಗೇನ್ ಕಾಣಾಕಿಲ್ಲ." ಒಂದು ಕಲ್ಲು ಆರಿಸಿ ಎಸೆದಳು. "ಕೂಸು ಬಾಯಿಗೆ ಇಕ್ಕೊಳೋ ಸಾಮಾನು. ಹಸಿ ಮರ ಹಂಗೇ ಕೊಡಾಕಾಯ್ತದಾ? ನಿಮ್ ತಾಯಿ ನಂಗೆ ಮೊದಲ್ನೇ ದಿನ ಹೇಳಿದ್ದೇನು? ಅರಗು ಮುಟ್ದೇ ಇರೋ ಗೊಂಬೆ ಹೊಸ್ಲು ದಾಟಬಾರ್ದು ಅಂತ."

ಅದು ಸುಳ್ಳಲ್ಲ. ಆ ಮನೆಯ ರೂಢಿಯೇ ಹಾಗೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದು ಒತ್ತಿದರೆ ಕನ್ನಡಿಯಾಗುತ್ತದೆ. ಆ ಗರಿಯ ಕೆಲಸ ನಲವತ್ತು ವರ್ಷದಿಂದ ರೋಶನ್ ಬೀದು. ಇನ್ನೊಂದು ವಿಷಯವೂ ಇತ್ತು, ಅವರಿಬ್ಬರೂ ಬಾಯಿ ಬಿಟ್ಟು ಆಡದ್ದು. ನಿಖಾತ್ ಏಳು ತಿಂಗಳ ಕೂಸಾಗಿದ್ದಾಗ ಅಂಗಳದಲ್ಲಿ ಬಿದ್ದಿದ್ದ ಅರಗು ಕಾಣದ ತುಂಡೊಂದನ್ನು ಬಾಯಿಗಿಟ್ಟುಕೊಂಡು, ಸೀಳು ಒಸಡಿಗೆ ಹೊಕ್ಕು, ಕೀವಾಗಿ, ಹನ್ನೊಂದು ದಿನ ಬೆಂಕಿಯಂಥ ಜ್ವರ. ಆ ಹನ್ನೊಂದು ದಿನ ರೋಶನ್ ಬೀಗೆ ಇನ್ನೂ ಮುಗಿದಿಲ್ಲ.

"ಹೇಳಿದ್ನಲ್ಲ ರೋಶನ್, ಆ ನಾಡಿನೋರಿಗೆ ಬರಿಮರನೇ ಬೇಕು ಅಂತ."

"ನೀವು ಪುಸ್ತಕ ಹೇಳಿದ್ರಿ," ಎಂದಳು. "ನಾನು ಮಗೀನ ಬಾಯಿ ನೋಡ್ದೆ."

ಬಾಗಿಲಲ್ಲಿ ನಿಖಾತ್ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಅಮ್ಮಿಯ ಮೇಲೆ ರೇಗಲಿಲ್ಲ. ರೇಗಿದ್ದರೆ ಮೆಹಬೂಬರಿಗೆ ಇಷ್ಟು ಭಾರ ಆಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ, "ಹನ್ನೊಂದಕ್ಕೆ ಲೋಕೇಶಣ್ಣ ಬತ್ತಾರೆ," ಎಂದಳು. ಅಷ್ಟೆ.

ಲೋಕೇಶ ಬಂದದ್ದು ಹತ್ತೂ ಮುಕ್ಕಾಲಿಗೆ. ಬೈರಾಪಟ್ಟಣದ ರೈತರ ಮನೆಯವನು, ನಲವತ್ತು ದಾಟಿದ ಆಸಾಮಿ. ಕಂಪನಿಯ ಪರವಾಗಿ ಊರೂರು ಸುತ್ತಿ ಮಾಲು ನೋಡಿ ಸಹಿ ಹಾಕುವುದು ಅವನ ಕೆಲಸ. ಬ್ಯಾಗಿನಿಂದ ಒಂದು ಕಬ್ಬಿಣದ ಬಳೆ ತೆಗೆದಿಟ್ಟ. ಗುಂಡು ಆ ಬಳೆಯೊಳಗೆ ತೂರಿದರೆ ಸಣ್ಣದಾಯಿತೆಂದು ಲೆಕ್ಕ, ಕೂಸು ನುಂಗೀತು. ಪಕ್ಕದಲ್ಲಿ ಒಂದು ಸಣ್ಣ ಸೀಸೆ, ಹನಿ ಬಿಡಲು ರಬ್ಬರಿನ ತುದಿ. ಅವನ ಹಿಂದೆಯೇ ಮತೀನನೂ ಬಂದ. ಮತೀನನಿಗೆ ಕೇರಿಯಲ್ಲಿ ಏನು ನಡೆದರೂ ಗಾಳಿಯೇ ಸುದ್ದಿ ಕೊಡುತ್ತದೆ.

ಬಳೆಯ ಪರೀಕ್ಷೆ ಮುಗಿಯಿತು. ಗುಂಡುಗಳು ಬಳೆಗೆ ತೂರದೆ ನಿಂತವು. ಲೋಕೇಶ ಸೀಸೆ ಎತ್ತಿ ಒಂದು ಹನಿ ಬಿಟ್ಟ. ಹನಿ ಕೂತಿತು. ಅವನೂ ನೋಡಿದ, ಮತೀನನೂ ನೋಡಿದ. ಲೇತಿನ ಪಕ್ಕ ನಿಂತಿದ್ದ ಪುಟ್ಟಿಯೂ ಕೆಲಸದ ಇನ್ನೊಬ್ಬ ಹೆಂಗಸು ಸಫೂರಾಳೂ ಕತ್ತು ಚಾಚಿದರು. ರೋಶನ್ ಬೀ ಪರದೆಯ ಹಿಂದೆ ಇದ್ದಳು. ಅವಳ ಕಾಲಿನ ಬೆರಳು ಕಾಣುತ್ತಿದ್ದವು.

"ಸಾಬ್ರೆ," ಎಂದ ಲೋಕೇಶ, ಕಾಗದ ಬಿಡಿಸುತ್ತ, "ಒಂದು ತಾಪತ್ರಯ ಐತೆ. ಈ ಬ್ಲ್ಯಾಂಕ್ ಅನ್ನೋದು ನಮ್ಮ ಆಫೀಸಲ್ಲೇ ಇತ್ಯರ್ಥ ಆಗಿಲ್ಲ. ಒಬ್ಬ ಹೊಳಪು ಅಂತಾನೆ, ಇನ್ನೊಬ್ಬ ಬಣ್ಣ ಇಲ್ದೇ ಇರೋದು ಅಂತಾನೆ. ಹಾಲೆಂಡಿನೋರ ಅಂಗಡಿ ರಜ, ಸೋಮವಾರದವರೆಗೂ ಯಾರೂ ಫೋನ್ ಎತ್ತಾಕಿಲ್ಲ. ಲಾರಿ ನಾಳೆ. ಚನ್ನಪಟ್ಟಣದಲ್ಲಿ ಮೆಹಬೂಬ್ ಸಾಬ್ರು ಅವ್ರೆ, ಅವರ ಪುಸ್ತಕ ಕೇಳ್ಕೊಂಡು ಬರೀರಿ ಅಂತ ದೊಡ್ಡೋರು ಹೇಳಿ ಕಳ್ಸವ್ರೆ. ಹೊಳಪು ಅಂತ ನೀವಂದ್ರೆ ಇಲ್ಲೇ ಸಹಿ ಹಾಕ್ತೀನಿ. ಬರಿಮರ ಅಂತಂದ್ರೆ..." ಹನಿಯನ್ನು ನೋಡಿದ. "ಹನಿ ಕೂತೈತೆ."

 ಅಂಗಳದ ಕೋಳಿ ಕೆದರುವುದು ಕೇಳುತ್ತಿತ್ತು.

ಮೊದಲು ಬಾಯಿ ತೆಗೆದವನು ಮತೀನ. "ಹೊಳಪೇ ಕಣಪ್ಪ," ಎಂದ, ಸಲೀಸಾಗಿ, ಎಲೆಗೆ ಸುಣ್ಣ ಸವರಿದ ಹಾಗೆ. "ನನ್ನ ಡೆನ್ಮಾರ್ಕಿನೋನು ಇದೇ ಮಾತ ಬರ್ದು ಕಳ್ಸಿದ್ದ. ಹೊಳಪು ಕೊಟ್ಟೆ, ಎರಡ್ನೇ ಸಲನೂ ತರ್ಸ್ಕೊಂಡ. ಭಾಯಿ ಪುಸ್ತಕದಲ್ಲೇ ಐತೆ. ಅಲ್ವಾ ಭಾಯಿ?"

ಮೆಹಬೂಬರು ತಮ್ಮನ ಮುಖ ನೋಡಿದರು. ಮೂವತ್ತು ವರ್ಷದಿಂದ "ನಾಲ್ಕನೇ ಕ್ಲಾಸಿನ ಪಂಡಿತರು" ಎಂದು ಆಡಿಕೊಂಡವನು, ಪುಸ್ತಕವನ್ನು ಮೆಣಸಿನಕಾಯಿ ಕಟ್ಟಲು ಕೊಡಿ ಎಂದು ಎಷ್ಟೋ ಸಲ ಕೇಳಿದವನು. ಇವತ್ತು ಅದೇ ಪುಸ್ತಕಕ್ಕೆ ಸಾಕ್ಷಿ ನಿಂತಿದ್ದ. ಅಣ್ಣನ ಮಗಳ ಮಾನ ಉಳಿಸಲು ಕೈ ಚಾಚಿದ್ದ, ಅದರಲ್ಲಿ ಮೋಸವಿರಲಿಲ್ಲ. ಹಿಡಿದರೆ ಸಾಕಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪುಟ ತೆರೆದು ಡೆನ್ಮಾರ್ಕಿನ ಸಾಲಿನ ಮೇಲೆ ಬೆರಳಿಟ್ಟರೆ ಲೋಕೇಶ ಸಹಿ ಹಾಕುತ್ತಾನೆ. ಬೆರಳು ಎರಡಂಗುಲ ಜರುಗಿದರೆ ಯಾರಿಗೆ ತಿಳಿಯುತ್ತದೆ? ಬೊಟ್ಟು, ಗೀಟು, ಗುರುತುಗಳ ಆ ಪುಟವನ್ನು ಈ ಕೇರಿಯಲ್ಲಿ ಓದಬಲ್ಲವರು ಅವರೊಬ್ಬರೇ.

ಮಗಳ ಕಡೆ ನೋಡಿದರು. ನಿಖಾತ್ ಅವರನ್ನು ನೋಡುತ್ತಿರಲಿಲ್ಲ, ಪುಸ್ತಕವನ್ನು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅದರ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದವಳು. ಹೊಳಪು ಎನ್ನಿ ಎಂದು ಅವಳ ಕಣ್ಣು ಬೇಡುತ್ತಿದೆಯೋ, ಬೇಡ ಎನ್ನುತ್ತಿದೆಯೋ ಅವರಿಗೆ ತಿಳಿಯಲಿಲ್ಲ. ಅದೊಂದು ಮಾತಿಗೆ ಪುಸ್ತಕದಲ್ಲಿ ಪುಟವಿರಲಿಲ್ಲ.

 ಪುಸ್ತಕವನ್ನು ತೊಡೆಯ ಮೇಲಿಟ್ಟು ಪುಟ ತೆರೆದರು. ಬೆರಳು ಒಂದು ಕ್ಷಣ ಡೆನ್ಮಾರ್ಕಿನ ಮೇಲೆ ನಿಂತಿತು. ಹದಿಮೂರು ವರ್ಷದ ಹಿಂದಿನ ಆ ಮುದುಕಿಯ ಎರಡು ಕೈ ಕಣ್ಣಿಗೆ ಬಂದವು. ಬಿಳಿಯ ತುಂಡನ್ನು ಕೂಸನ್ನು ಹಿಡಿದ ಹಾಗೆ ಹಿಡಿದಿದ್ದಳು. ಇನ್ನು ಮುಂದೆ ಯಾರಾದರೂ ಬಂದು ಒಂದು ಮಾತನ್ನು ಮುಟ್ಟಿ ತೋರಿಸಿದರೆ ಯಾವ ಮುಖ ಇಟ್ಟುಕೊಂಡು ಬರೆದುಕೊಳ್ಳುವುದು?

"ಮತೀನ ಹೇಳಿದ್ದು ಡೆನ್ಮಾರ್ಕಿನ ಮಾತು," ಎಂದರು. "ಇದು ಹಾಲೆಂಡ್. ಅಲ್ಲಿ ಬರಿಮರ ಅಂತ. ಅರಗು ಇರಬಾರ್ದು. ಈ ಮಾಲು ತಪ್ಪು ಕಣಪ್ಪ ಲೋಕೇಶಾ. ಮಾತು ನನಗೆ ಗೊತ್ತಿತ್ತು, ಹೇಳೂ ಇದ್ದೆ. ತಪ್ಪಿದ್ದು ನನ್ನ ಮನೆ ಕೈ."

ಮತೀನ ಎದ್ದ. "ನಿಮ್ಮ ಪುಸ್ತಕನ ನಿಮ್ಮ ಮಗಳಿಗಿಂತ ಹೆಚ್ಚು ಸಾಕುದ್ರಿ ಭಾಯಿ," ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆಗ ಪರದೆ ಸರಿಯಿತು. ರೋಶನ್ ಬೀ ಹೊರಗೆ ಬಂದಳು. ಪರರ ಮುಂದೆ ಹೆಚ್ಚು ಮಾತಾಡಿದವಳಲ್ಲ. ಬುಟ್ಟಿಯ ಪಕ್ಕ ನಿಂತು, "ಮನೆ ಕೈ ಅಂದ್ರೆ ಯಾವ ಕೈ ಅಂತ ಅವ್ರು ಹೇಳಾಕಿಲ್ಲ. ನಂದು," ಎಂದಳು. "ಮಗಳದಲ್ಲ, ಈ ಹೆಣ್ಮಕ್ಕಳದಲ್ಲ. ಬರ್ಕೊಳೋದಾದ್ರೆ ನನ್ನ ಹೆಸರು ಬರ್ಕೊ."

ಲೋಕೇಶ ಪೆನ್ನು ಮುಚ್ಚಿ ಜೇಬಿಗಿಟ್ಟ. "ನಾನ್ ಯಾರ ಹೆಸರೂ ಬರ್ಯಾಕಿಲ್ಲ ತಾಯಿ. ನಾಳೆ ಮೂರು ಗಂಟೆಗೆ ಬತ್ತೀನಿ. ಹನಿ ಕುಡಿದ್ರೆ ತಗೊಂಡೋಯ್ತೀನಿ. ಕುಡೀದಿದ್ರೆ..." ಮೆಹಬೂಬರ ಕಡೆ ತಿರುಗಿದ. "ಒಂದು ಕೂದಲಷ್ಟು ಕೆರೆದ್ರೆ ಅರಗು ಹೋಯ್ತದೆ. ಹೆಚ್ಚು ಕೆರೆದ್ರೆ ಬಳೆಯೊಳಗೆ ತೂರ್ತದೆ. ನಿಮ್ಗೆ ನಾನೇನ್ ಹೇಳಾದು."

ಅವನು ಹೇಳಿದ್ದು ಸರಿ. ಮುಗಿದ ಹಿಡಿಯನ್ನು ಮತ್ತೆ ಲೇತಿಗೆ ಏರಿಸುವುದು ಹೆತ್ತ ಕೂಸನ್ನು ಮತ್ತೆ ಹೊಟ್ಟೆಗೆ ಹಾಕಿಕೊಂಡ ಹಾಗೆ. ಹಿಡಿಯಲು ತುದಿಯೇ ಇರುವುದಿಲ್ಲ. ಮೆಹಬೂಬರು ಒಂದು ಗಟ್ಟಿ ಮರದ ತುಂಡು ತೆಗೆದುಕೊಂಡು, ಲೇತಿನ ಬಾಯಿಗೆ ಕೂರುವಂತೆ ಒಂದು ಬಟ್ಟಲು ಕೊರೆದರು. ಅದರೊಳಕ್ಕೆ ಹಿಡಿಯ ಒಂದು ಗುಂಡನ್ನು ಒತ್ತಿ ಸಿಕ್ಕಿಸಿದರೆ ಇನ್ನೊಂದು ತಿರುಗುತ್ತದೆ. ಉಳಿಯನ್ನು ಮಸೆದು ಮಸೆದು, ಮುಂಗೈ ಕೂದಲು ಬೋಳಿಸುವ ಹಾಗೆ ಮಾಡಿಕೊಂಡರು. ಮೊದಲನೆಯದು ಏರಿತು. ಅರಗು ನೂಲಿನಂತೆ ಸುರುಳಿಯಾಗಿ ಎದ್ದು ಬಂತು. ಬಳೆ ಇಟ್ಟರು, ನಿಂತಿತು. ಹನಿ ಬಿಟ್ಟರು, ನಾಲ್ಕು ಎಣಿಸುವುದರೊಳಗೆ ಮರ ಕುಡಿಯಿತು.

"ಒಂದು," ಎಂದಳು ಪುಟ್ಟಿ. "ಇನ್ನು ಐನೂರಾ ತೊಂಬತ್ತೊಂಬತ್ತು. ಬೈರಾಪಟ್ಟಣದ ಬಸ್ಸು ಇವತ್ತು ನನ್ ಮುಖ ನೋಡಾಕಿಲ್ಲ."

ದಿನಾ ಸಂಜೆ ಆಜಾನಿನ ಹೊತ್ತಿಗೆ ಲೇತು ನಿಲ್ಲಿಸಬೇಕು. ಅದು ಕೇರಿಯ ಕಟ್ಟು, ಅಕ್ಕಪಕ್ಕದಲ್ಲಿ ಬಾಣಂತಿಯರು, ಮುದುಕರು ಇದ್ದಾರೆ. ಗುರುವಾರ ಅಷ್ಟರಲ್ಲಿ ಆದದ್ದು ನೂರಾ ಅರವತ್ತು. ಎರಡನೆಯ ಲೇತಿನಲ್ಲಿ ನಿಖಾತ್ ಕೂತಿದ್ದಳು. ಅವಳ ಕೈಯಲ್ಲಿ ಹತ್ತು ಹಿಡಿ ತೆಳುವಾಗಿ ಬಳೆಯೊಳಗೆ ತೂರಿದವು. ಹತ್ತನೆಯದು ತೂರಿದಾಗ ಉಳಿ ಕೆಳಗಿಟ್ಟು ಕೂತಳು.

"ಉಳಿ ಒತ್ತಬ್ಯಾಡ ಮಗಳೇ," ಎಂದರು ಮೆಹಬೂಬರು ತಮ್ಮ ಲೇತಿನಿಂದಲೇ. "ತೋರ್ಸು ಅಷ್ಟೆ. ಮರನೇ ಬಂದು ಮುಟ್ಕೊತದೆ."

"ಅಬ್ಬಾ," ಎಂದು ನಿಖಾತ್ ಅಪ್ಪನನ್ನು ಕರೆದಳು, ಲೇತಿನ ಸದ್ದು ನಿಂತ ಮೇಲೆ. "ನೀವು ಹೊಳಪು ಅಂದಿದ್ರೆ ನಾನು ಆಮ್ಯಾಲೆ ನಿಮ್ಮ ಯಾವ ಮಾತೂ ಕೇಳ್ತಿರ್ಲಿಲ್ಲ."

ಮೆಹಬೂಬರು ಮುಖ ತೊಳೆಯಲು ಬಚ್ಚಲಿಗೆ ಹೋದವರು ಒಸಿ ಹೊತ್ತು ಅಲ್ಲೇ ನಿಂತಿದ್ದು ಬಂದರು.

ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಶುಕ್ರವಾರ ಬೆಳಗ್ಗೆ ಆರರಿಂದ ಜುಮ್ಮಾ ನಮಾಜಿನ ತನಕ ಎರಡು ಲೇತು ಎಡೆಬಿಡದೆ ತಿರುಗಿದರೂ ಒಟ್ಟು ಮುನ್ನೂರು ದಾಟುವುದಿಲ್ಲ. ಏಳಕ್ಕೆ ಕರೆಂಟು ಹೋಯಿತು. ಏಳೂ ಮುಕ್ಕಾಲಿಗೆ ಬಂತು. ಆ ಮುಕ್ಕಾಲು ಗಂಟೆ ಶೀಟಿನ ಕೆಳಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಂಟಕ್ಕೆ ಬಾಗಿಲಲ್ಲಿ ಮತೀನ. ಕೈಯಲ್ಲಿ ಅವನ ಸ್ವಂತ ಉಳಿ, ಬಟ್ಟೆಯಲ್ಲಿ ಸುತ್ತಿದ್ದು.

"ಆ ಬಟ್ಟಲು ಎಷ್ಟು ಆಳ ಕೊರೆದ್ರಿ?" ಎಂದು ಕೇಳಿದ, ಅಣ್ಣನನ್ನಲ್ಲ, ಬಟ್ಟಲನ್ನೇ ಕೇಳುವವನ ಹಾಗೆ.

"ಅರ್ಧ ಗುಂಡು."

"ಮೂರು ಬುಟ್ಟಿ ನನ್ನ ಕಡೆ ಕಳ್ಸಿ. ಐದು ಮಿಷನ್ ಖಾಲಿ ಮಾಡ್ಸಿವ್ನಿ." ಹೊರಟವನು ತಿರುಗಿ, "ಪುಸ್ತಕಕ್ಕೆ ಮಾಡ್ತಿಲ್ಲ, ತಿಳ್ಕೊಳಿ. ಹುಡುಗಿ ಮುಖಕ್ಕೆ," ಎಂದ.

"ನಿನ್ನ ಡೆನ್ಮಾರ್ಕಿನೋನು ನೋಡಿದ್ರೆ ಅಳ್ತಾನೆ ಚಾಚಾ," ಎಂದಳು ನಿಖಾತ್. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅತ್ತ ಹಿಡಿಗಳು ಬರಿಮರವಾಗಿ ಬುಟ್ಟಿಗೆ ಬೀಳುತ್ತಿದ್ದ ಹಾಗೆ, ಇತ್ತ ಬಾಗಿಲ ಪಕ್ಕ ರೋಶನ್ ಬೀ ಕೂತಳು. ನಲವತ್ತು ವರ್ಷ ಗರಿ ಹಿಡಿದ ಕೈಗೆ ಇವತ್ತು ಕೆಲಸವಿರಲಿಲ್ಲ. ಯಾರೂ ಹೇಳದೆಯೇ ಅವಳು ಬುಟ್ಟಿಯಿಂದ ಒಂದು ಹಿಡಿ ಎತ್ತಿ ಬಟ್ಟೆಯಲ್ಲಿ ಒರೆಸಿ, ಕಣ್ಣು ಮುಚ್ಚಿ ತನ್ನ ಕೆನ್ನೆಗೆ ಉಜ್ಜಿಕೊಂಡಳು. ಗುಂಡು, ನಡು, ಗುಂಡು. ಪಕ್ಕಕ್ಕಿಟ್ಟಳು. ಇನ್ನೊಂದು. ಉಪ್ಪುಕಾಗದಕ್ಕೂ ಸಿಗದ ಸೀಳು ಮುದುಕಿಯ ಕೆನ್ನೆಗೆ ಸಿಗುತ್ತಿತ್ತು. ಸಿಕ್ಕಿದವನ್ನು ಬೇರೆ ಮೊರಕ್ಕೆ ಹಾಕುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳ ಬಲಗೆನ್ನೆ ಕೆಂಪಾಗಿ, ಎಡಗೆನ್ನೆಗೆ ಬದಲಾಯಿಸಿಕೊಂಡಳು.

ಗಂಡಸರು ಜುಮ್ಮಾಕ್ಕೆ ಹೋಗಿ ಬಂದರು. ಎರಡೂವರೆಗೆ ಮತೀನನ ಕಡೆಯಿಂದ ಕೊನೆಯ ಬುಟ್ಟಿ ಬಂತು. ಮೂರಕ್ಕೆ ಸರಿಯಾಗಿ ಲೋಕೇಶ.

ಸೀಸೆ ತೆಗೆದ. ಹನಿ ಬಿಟ್ಟ. ಮೆಹಬೂಬರು ಬಾಯಲ್ಲಿ ಎಣಿಸುತ್ತಿದ್ದರು. ಮೂರಕ್ಕೆ ಹನಿ ತನ್ನ ದುಂಡನ್ನು ಬಿಟ್ಟುಕೊಟ್ಟು ಅಗಲವಾಯಿತು, ಐದಕ್ಕೆ ಇರಲಿಲ್ಲ. ಬೇರೆ ಬುಟ್ಟಿಯಿಂದ ಎತ್ತಿದ. ಕುಡಿಯಿತು. ಮತೀನನ ಬುಟ್ಟಿ. ಕುಡಿಯಿತು. ಇಪ್ಪತ್ತು ಹಿಡಿ ನೋಡಿ ಸೀಸೆ ಮುಚ್ಚಿದ. ಬಳೆಯನ್ನೂ ಆಡಿಸಿದ. ತಲೆ ಅಲ್ಲಾಡಿಸಿ ಎಣಿಸಲು ಕೂತ.

"ಐನೂರಾ ಐವತ್ತೆರಡು," ಎಂದ. "ತೆಳು ಆಗಿದ್ದು ಹತ್ತು. ಬಾಕಿ ಮೂವತ್ತೆಂಟು?"

ರೋಶನ್ ಬೀ ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಇವು ಕೊಡಾಕಿಲ್ಲ. ಸೀಳು ಐತೆ."

ಲೋಕೇಶ ಒಂದನ್ನು ಎತ್ತಿ ಹೆಬ್ಬೆಟ್ಟು ಆಡಿಸಿದ. ಅವನಿಗೆ ಏನೂ ಸಿಗಲಿಲ್ಲ. "ಕಾಗದದಲ್ಲಿ ಕೆನ್ನೆ ಪರೀಕ್ಷೆ ಇಲ್ಲ ತಾಯಿ. ಬಳೆ ಐತೆ, ಹನಿ ಐತೆ, ಮುಗೀತು. ಆರು ನೂರು ತುಂಬಿದ್ರೆ ನನ್ಗೂ ಒಳ್ಳೇದು, ನಿಮ್ಗೂ ಒಳ್ಳೇದು. ಕಮ್ಮಿ ಕಳ್ಸಿದ್ರೆ ಬರೆದು ಕಾರಣ ಕೊಡ್ಬೇಕು."

"ಅವ್ರು ಬರಿಮರ ಕೇಳಿದ್ರು, ಕೊಟ್ಟೆ," ಎಂದಳು ರೋಶನ್ ಬೀ. "ಸೀಳು ಕೇಳಿಲ್ವಲ್ಲ."

ಮೆಹಬೂಬರು ಹೆಂಡತಿಯ ಎರಡೂ ಕೆನ್ನೆ ನೋಡಿದರು. ಮುಟ್ಟಿ ತೋರಿಸುವುದು ಎಂದರೆ ಇದಕ್ಕಿಂತ ಬೇರೆ ಏನು? ಅವರು ಬಾಯಿ ತೆಗೆಯುವ ಮೊದಲೇ ನಿಖಾತ್ ಲೋಕೇಶನ ಕೈಯಿಂದ ಕಾಗದ ತೆಗೆದುಕೊಂಡಳು.

"ಐನೂರಾ ಐವತ್ತೆರಡು ಅಂತ ಬರೀರಿ ಅಣ್ಣಾ. ಕಾರಣ ನಾನು ಬರ್ಕೊಡ್ತೀನಿ. ಉಳಿದವನ್ನ ಹದಿನೈದು ದಿನದಲ್ಲಿ ಹೊಸದಾಗಿ ಮಾಡ್ಕೊಡ್ತೀನಿ. ಬೇಕಿದ್ರೆ ತಗೊಳ್ಳಿ, ಇಲ್ದಿದ್ರೆ ಎಲ್ಲಾ ಇಲ್ಲೇ ಇರ್ಲಿ."

ಲೋಕೇಶ ತಲೆ ಕೆರೆದುಕೊಂಡ. ಫೋನು ಹಿಡಿದು ಅಂಗಳಕ್ಕೆ ಹೋದ. ಹತ್ತು ನಿಮಿಷ ಅಲ್ಲಿಂದಿಲ್ಲಿಗೆ ಓಡಾಡಿದ. ಶೀಟಿನ ಕೆಳಗಿದ್ದವರ ಕಣ್ಣೆಲ್ಲ ಅವನ ಬೆನ್ನನ್ನೇ ನೋಡುತ್ತಿದ್ದವು. ಒಳಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡ.

"ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಅಂತ ನಮ್ಮವ್ವ ಹೇಳೋಳು. ದೊಡ್ಡೋರು ಅದನ್ನೇ ಇಂಗ್ಲೀಷಲ್ಲಿ ಹೇಳಿದ್ರು," ಎಂದ. "ಕಟ್ಟಿ ಮಾಲು."

ಐದಕ್ಕೆ ಬರಬೇಕಾಗಿದ್ದ ಲಾರಿ ಐದೂ ಮುಕ್ಕಾಲಿಗೆ ಬಂತು. ಡಬ್ಬಗಳು ಏರಿದವು. ಪುಟ್ಟಿ ಬಸ್ಸಿಗೆ ಓಡಿದಳು. ಮತೀನ ತನ್ನ ಉಳಿಯನ್ನು ಮತ್ತೆ ಬಟ್ಟೆಗೆ ಸುತ್ತಿಕೊಂಡು, ಹೋಗುವಾಗ ಬಾಗಿಲ ಬಳಿ ಪುಸ್ತಕ ಬಿದ್ದಿದ್ದನ್ನು ಕಂಡು, ಎತ್ತಿ, ಮೇಲಿದ್ದ ಹೊಟ್ಟು ಕೊಡವಿ ಕಟ್ಟೆಯ ಮೇಲಿಟ್ಟು ಹೋದ.

ಆಜಾನಿಗೆ ಇನ್ನೂ ಒಂದಿಷ್ಟು ಹೊತ್ತಿತ್ತು. ಮೆಹಬೂಬರು ಲೇತಿನ ಪಟ್ಟಿ ಇಳಿಸಲು ಕೈ ಹಾಕಿದರು.

"ಇರಿ, ನಿಲ್ಲಿಸ್ಬ್ಯಾಡಿ. ಇವು ನಮ್ಮೂರ ಕೂಸುಗಳಿಗೆ ಆಯ್ತವೆ," ಎಂದಳು ರೋಶನ್ ಬೀ.

ಮೊರದಿಂದ ಒಂದು ಹಿಡಿ ತೆಗೆದು ಬಟ್ಟಲಿಗೆ ಸಿಕ್ಕಿಸಿದಳು. ಗೂಡಿನಿಂದ ಅರಿಶಿನದ ಅರಗಿನ ಕಡ್ಡಿ ತಂದಳು. ಮರ ತಿರುಗಿತು, ಕಡ್ಡಿ ಮುಟ್ಟಿತು, ಹಳದಿ ಕರಗಿ ಸೀಳನ್ನೂ ಬರಿಮರವನ್ನೂ ಒಟ್ಟಿಗೆ ಮುಚ್ಚಿಕೊಂಡಿತು. ಅವಳು ಗರಿ ಹಿಡಿದು ಒತ್ತಿದಳು, ಬಿಟ್ಟಳು, ಕೆನ್ನೆಗೆ ಉಜ್ಜಿಕೊಂಡು ನೋಡಿದಳು. ಮೆಹಬೂಬರು ಲೋಟಕ್ಕೆ ಬೆರಳದ್ದಿ ಅದರ ಮೇಲೆ ಒಂದು ಹನಿ ಬಿಟ್ಟರು.

ಹನಿ ಕೂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಆಮೇಲೆ ಅವಳು ಎರಡನೆಯ ಹಿಡಿಗೆ ಕೈ ಚಾಚಿದಳು.